ಹಳೇ ಕ್ಯಾಂಪರ್ ವ್ಯಾನ್‌ನಲ್ಲಿ ಲಡಾಖ್: ಹತ್ತುವ ಚಿಂತೆ ಬಿಡಿ, ಇಳಿಯುವುದನ್ನು ಯೋಚಿಸಿ

ಪ್ರಶ್ನೆ: ನಮ್ಮದು 2012ರ ಟೆಂಪೊ ಟ್ರಾವೆಲರ್, ಬಿಳಿ ಬೋರ್ಡ್. ಸೀಟು ತೆಗೆಸಿ ಹಾಸಿಗೆ, ಅಡುಗೆ ಕಟ್ಟೆ, ನೀರಿನ ಟ್ಯಾಂಕು ಮಾಡಿಸಿಕೊಂಡಿದ್ದೇವೆ. ಟರ್ಬೊ ಡೀಸೆಲ್, ಹಳೇ ಮಾದರಿಯ ಡೀಸೆಲ್ ಇಂಜೆಕ್ಷನ್ ಪಂಪ್. ಧಾರವಾಡದಿಂದ ಮೇ ರಜೆಯಲ್ಲಿ ಹೊರಟು ಮನಾಲಿ ಮೇಲಿಂದ ಲೇಹ್, ಅಲ್ಲಿಂದ ಖರ್ದುಂಗ್ ಲಾ ನೋಡಬೇಕೆಂದು ಆಸೆ. ನಾನು, ನನ್ನ ಹೆಂಡತಿ, 10 ವರ್ಷದ ಮಗಳು, 68 ವರ್ಷದ ಅಪ್ಪ. ಆಗುಂಬೆ, ಚಾರ್ಮಾಡಿ, ಶಿರಾಡಿಯಲ್ಲಿ ಓಡಿಸಿ ಅಭ್ಯಾಸವಿದೆ. ನಮ್ಮ ಮೆಕ್ಯಾನಿಕ್ "ಪಂಪ್ ಸ್ವಲ್ಪ ಜಾಸ್ತಿ ಮಾಡಿಸಿ, ಇಲ್ಲಾಂದ್ರೆ ಗಾಡಿ ಹತ್ತಲ್ಲ" ಅನ್ನುತ್ತಾರೆ. ಇಷ್ಟು ಹಳೇ ಗಾಡಿ ಅಷ್ಟೆತ್ತರ ಹತ್ತುತ್ತದಾ?

ಉತ್ತರ: ಹತ್ತುತ್ತದೆ. ನಿಧಾನವಾಗಿ ಹತ್ತುತ್ತದೆ, ಒಂದನೇ ಗೇರು, ಎರಡನೇ ಗೇರಿನಲ್ಲೇ ಗಂಟೆಗಟ್ಟಲೆ ಹೋಗಬೇಕಾಗುತ್ತದೆ, ಆದರೆ ಹತ್ತುತ್ತದೆ. ನಿಮ್ಮ ಗಾಡಿಗಿಂತ ಹಳೇ ಲಾರಿಗಳು ಪ್ರತಿ ವರ್ಷ ಆ ರಸ್ತೆಯಲ್ಲಿ ಅಕ್ಕಿ, ಸಿಮೆಂಟು ಹೊತ್ತು ಹೋಗುತ್ತವೆ. ನೀವು ಕೇಳದೆ ಬಿಟ್ಟ ಪ್ರಶ್ನೆಯೇ ನನಗೆ ದೊಡ್ಡದಾಗಿ ಕಾಣುತ್ತಿದೆ: ಮೇಲೆ ಹೋದ ಗಾಡಿ ಕೆಳಗೆ ಹೇಗೆ ಬರುತ್ತದೆ? ಎಂಜಿನ್ ಸೋತರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಗಾಲಿಗೆ ಕಲ್ಲು ಕೊಟ್ಟು ಕೂತುಕೊಳ್ಳಬಹುದು. ಬ್ರೇಕ್ ಸೋತರೆ ಕೂತುಕೊಳ್ಳಲು ಸಮಯವೇ ಇರುವುದಿಲ್ಲ. ಹಾಗಾಗಿ ಎಂಜಿನ್ ವಿಷಯ ಬೇಗ ಮುಗಿಸಿ, ಬ್ರೇಕು ಮತ್ತು ತೂಕದ ಬಗ್ಗೆ ಜಾಸ್ತಿ ಬರೆಯುತ್ತೇನೆ.

ಮೊದಲು ಎತ್ತರದ ಅಂದಾಜು ಇರಲಿ. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಮನಾಲಿ ಪೇಟೆಯೇ ಅದಕ್ಕಿಂತ ಮೇಲಿದೆ, ಸುಮಾರು 2,050 ಮೀಟರ್. ಅಂದರೆ ಕರ್ನಾಟಕದಲ್ಲಿ ಎಷ್ಟೇ ಘಾಟಿ ಓಡಿಸಿದ್ದರೂ, ಲಡಾಖ್‌ನ ಎತ್ತರದಲ್ಲಿ ಎಂಜಿನ್ ಹೇಗೆ ನಡೆದುಕೊಳ್ಳುತ್ತದೆ ಅಂತ ಇಲ್ಲಿ ಗೊತ್ತಾಗುವುದಿಲ್ಲ. "ಲಾ" ಅಂದರೆ ಬೆಟ್ಟ ದಾಟುವ ಪಾಸ್. ಮನಾಲಿ-ಲೇಹ್ ದಾರಿಯ ಬಾರಾಲಾಚಾ ಲಾ ಸುಮಾರು 4,890 ಮೀಟರ್, ಲಾಚುಲುಂಗ್ ಲಾ 5,000 ಮೀಟರ್ ದಾಟುತ್ತದೆ, ತಂಗ್ಲಾಂಗ್ ಲಾ 5,328. ಖರ್ದುಂಗ್ ಲಾದ ಹಳೇ ಫಲಕಗಳಲ್ಲಿ 18,380 ಅಡಿ ಅಂತ ಬರೆದಿತ್ತು. ಜಿಪಿಎಸ್‌ನಲ್ಲಿ ಅಳೆದಾಗ ಸಿಕ್ಕಿದ್ದು 5,359 ಮೀಟರ್, ಅಂದರೆ 17,582 ಅಡಿ. ಅದೇನೂ ಕಡಿಮೆಯಲ್ಲ. ಅಲ್ಲಿ ಗಾಳಿಯ ಒತ್ತಡ ನಮ್ಮ ಕರಾವಳಿಯ ಅರ್ಧದಷ್ಟು ಮಾತ್ರ. ಈ "ಅರ್ಧ" ಅನ್ನುವುದನ್ನು ನೆನಪಿಡಿ, ಬ್ರೇಕಿನ ವಿಷಯದಲ್ಲೂ ಬೇಕಾಗುತ್ತದೆ.

ಟರ್ಬೊ ಅಂದರೆ ಎಂಜಿನ್ ಒಳಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನು. ಅದು ಇಲ್ಲದ ಎಂಜಿನ್ ಆ ಎತ್ತರದಲ್ಲಿ ತನ್ನ ಶಕ್ತಿಯಲ್ಲಿ ಶೇಕಡಾ 40ರ ಮೇಲೆ ಕಳೆದುಕೊಳ್ಳುತ್ತದೆ. ನಿಮ್ಮದರಲ್ಲಿ ಟರ್ಬೊ ಇರುವುದರಿಂದ ನಷ್ಟ ಅಷ್ಟಿಲ್ಲ. ಆದರೆ ಒಂದು ಸಂಗತಿ ಇದೆ. ಟರ್ಬೊ ಕೆಲಸ ಶುರುಮಾಡುವುದು ಎಂಜಿನ್ ಸ್ವಲ್ಪ ಜೋರಾಗಿ ತಿರುಗಿದ ಮೇಲೆ. ಅದಕ್ಕಿಂತ ಕೆಳಗೆ ನಿಮ್ಮ ಗಾಡಿಯೂ ಟರ್ಬೊ ಇಲ್ಲದ ಗಾಡಿಯೇ. ಆದ್ದರಿಂದ ಕಷ್ಟ ಬರುವುದು ನೇರವಾದ ಏರಿನಲ್ಲಲ್ಲ, ಹೇರ್‌ಪಿನ್ ತಿರುವಿನಲ್ಲಿ ಎದುರಿನ ಲಾರಿಗೆ ದಾರಿ ಬಿಟ್ಟು ನಿಂತು, ಮತ್ತೆ ಎತ್ತುವಾಗ. ತಿರುವಿಗೆ ಮೊದಲೇ ಒಂದು ಗೇರು ಇಳಿಸಿ, ಆರ್‌ಪಿಎಂ 2,000ದ ಆಸುಪಾಸಿನಲ್ಲಿ ಇಟ್ಟುಕೊಂಡೇ ಒಳಗೆ ಹೋಗಿ. ನಿಲ್ಲಬೇಕಾಗಿ ಬಂದರೆ ಆದಷ್ಟು ಸಮತಟ್ಟಾದ ಕಡೆ ನೋಡಿ ನಿಲ್ಲಿ. ಅರ್ಧ ಕ್ಲಚ್‌ನಲ್ಲಿ ಗಾಡಿ ಹಿಡಿದು ನಿಲ್ಲಿಸುವ ಅಭ್ಯಾಸವಿದ್ದರೆ ಈಗಲೇ ಬಿಡಿ, ಹ್ಯಾಂಡ್‌ಬ್ರೇಕ್ ಹಾಕಿ ಎತ್ತುವುದನ್ನು ಕೈಗೆ ಹತ್ತಿಸಿಕೊಳ್ಳಿ. ಆ ರಸ್ತೆಯಲ್ಲಿ ಹಳೇ ಗಾಡಿಗಳು ದಾರಿಬದಿ ನಿಲ್ಲುವುದಕ್ಕೆ ದೊಡ್ಡ ಕಾರಣ ಎಂಜಿನ್ ಅಲ್ಲ, ಸುಟ್ಟ ಕ್ಲಚ್ ಪ್ಲೇಟು. ನಿಮ್ಮದು ಅರ್ಧ ಸವೆದಿದ್ದರೂ ಹೊರಡುವ ಮೊದಲೇ ಬದಲಾಯಿಸಿ. ಮನಾಲಿ-ಲೇಹ್ ದಾರಿ ನಡುವಿನ ಸರ್ಚುವಿನಲ್ಲಿ ಗೇರ್‌ಬಾಕ್ಸ್ ಇಳಿಸುವುದಕ್ಕಿಂತ ಧಾರವಾಡದಲ್ಲಿ ಇಳಿಸುವುದು ಎಷ್ಟೋ ಅಗ್ಗ.

ಪಂಪ್ ಜಾಸ್ತಿ ಮಾಡಿಸುವ ಮಾತು. ದಯವಿಟ್ಟು ಬೇಡ. ನಿಮ್ಮ ಮೆಕ್ಯಾನಿಕ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಇಲ್ಲಿ ಕೆಳಗೆ ಡೀಸೆಲ್ ಜಾಸ್ತಿ ಬಿಟ್ಟರೆ ಎಳೆತ ಜಾಸ್ತಿ ಆಗುತ್ತದೆ ಅನ್ನುವುದು ನಿಜ. ಆದರೆ ಮೇಲೆ ಕಡಿಮೆ ಆಗುವುದು ಡೀಸೆಲ್ ಅಲ್ಲ, ಗಾಳಿ. ಹಳೇ ಪಂಪಿಗೆ ಎತ್ತರ ಗೊತ್ತಾಗುವುದಿಲ್ಲ, ಅದು ಕೆಳಗೆ ಕೊಟ್ಟಷ್ಟೇ ಡೀಸೆಲನ್ನು ಮೇಲೂ ಕೊಡುತ್ತಲೇ ಇರುತ್ತದೆ. ಆಗಲೇ ಉರಿಯದೆ ಉಳಿಯುವ ಡೀಸೆಲ್ ಕಪ್ಪು ಹೊಗೆಯಾಗಿ ಹೊರಬರುತ್ತದೆ, ಸೈಲೆನ್ಸರ್ ಕಡೆಯ ಬಿಸಿ ಏರುತ್ತದೆ. ಅದರ ಮೇಲೆ ಇನ್ನಷ್ಟು ಸುರಿದರೆ ಶಕ್ತಿ ಬರುವುದಿಲ್ಲ, ಹೊಗೆ ಬರುತ್ತದೆ, ಪಿಸ್ಟನ್ನಿಗೂ ಟರ್ಬೊಗೂ ಕೇಡು. ಪಂಪನ್ನು ಕಂಪನಿ ಹೇಳಿದ ಸೆಟ್ಟಿಂಗಿನಲ್ಲೇ ಇಡಿ, ಇಂಜೆಕ್ಟರ್ ನಾಜಲ್‌ಗಳನ್ನು ಚೆಕ್ ಮಾಡಿಸಿ, ಏರ್ ಫಿಲ್ಟರ್ ಹೊಸದು ಹಾಕಿಸಿ. ಮೇಲೆ ಹತ್ತುವಾಗ ಕಪ್ಪು ಹೊಗೆ ಬಂದರೆ ಆಕ್ಸಿಲರೇಟರ್‌ನಿಂದ ಕಾಲು ಸ್ವಲ್ಪ ಎತ್ತಿ. ಗಾಡಿಯ ವೇಗ ಅಷ್ಟಾಗಿ ಕಡಿಮೆಯಾಗುವುದಿಲ್ಲ, ಹೊಗೆ ಮಾತ್ರ ಕಡಿಮೆಯಾಗುತ್ತದೆ.

ಇನ್ನು ಇಳಿಯುವ ಮಾತಿಗೆ ಬರೋಣ. 3.5 ಟನ್ ತೂಕದ ಗಾಡಿ 1,000 ಮೀಟರ್ ಎತ್ತರದಿಂದ ಇಳಿದರೆ ಸುಮಾರು 34 ಮೆಗಾಜೂಲ್ ಶಕ್ತಿ ಎಲ್ಲಾದರೂ ಹೋಗಬೇಕು. ಲೆಕ್ಕ ಹಾಕಿ ನೋಡಿ, 100 ಲೀಟರ್ ತಣ್ಣೀರು ತುಂಬಿದ ಹಂಡೆಯನ್ನು ಕುದಿ ಬರಿಸುವಷ್ಟು ಶಾಖ ಅದು. ಸ್ವಲ್ಪ ಭಾಗವನ್ನು ಗಾಳಿ ಮತ್ತು ಟೈರು ತಿನ್ನುತ್ತವೆ. ಉಳಿದದ್ದೆಲ್ಲ ಒಂದೋ ಎಂಜಿನ್‌ಗೆ ಹೋಗಬೇಕು, ಇಲ್ಲವೋ ಬ್ರೇಕಿನ ಡ್ರಮ್ಮು, ಡಿಸ್ಕಿಗೆ ಹೋಗಬೇಕು. ಆಗುಂಬೆ 14 ತಿರುವು ಇಳಿದರೆ ನೀವು ಹೆಚ್ಚು ಕಡಿಮೆ 500 ಮೀಟರ್ ಇಳಿಯುತ್ತೀರಿ, ಕೆಳಗೆ ಸೋಮೇಶ್ವರ ಬಂದುಬಿಡುತ್ತದೆ, ಬ್ರೇಕ್ ತಣ್ಣಗಾಗುತ್ತದೆ. ಖರ್ದುಂಗ್ ಲಾದಿಂದ ಲೇಹ್‌ಗೆ ಸುಮಾರು 40 ಕಿ.ಮೀ.ಯಲ್ಲಿ 1,850 ಮೀಟರ್ ಇಳಿಯಬೇಕು. ನಡುವೆ ಬ್ರೇಕಿಗೆ ತಾನಾಗಿ ವಿಶ್ರಾಂತಿ ಸಿಗುವ ಸಪಾಟು ರಸ್ತೆ ಅಂತ ಹೇಳುವಂಥದ್ದು ಇಲ್ಲ. ಆ ವಿಶ್ರಾಂತಿಯನ್ನು ನೀವೇ ಕೊಡಬೇಕು.

ಈಗ ಆ "ಅರ್ಧ"ದ ಮಾತು. ನಿಮ್ಮ ಗಾಡಿಯದು ವ್ಯಾಕ್ಯೂಮ್ ಬೂಸ್ಟರ್ ಬ್ರೇಕ್. ಬೂಸ್ಟರಿನ ಒಂದು ಕಡೆ ನಿರ್ವಾತ, ಇನ್ನೊಂದು ಕಡೆ ಹೊರಗಿನ ಗಾಳಿ. ಪೆಡಲ್ ಒತ್ತಿದಾಗ ಹೊರಗಿನ ಗಾಳಿಯ ಒತ್ತಡವೇ ನಿಮ್ಮ ಕಾಲಿನ ಜೊತೆ ಸೇರಿ ಬ್ರೇಕನ್ನು ತಳ್ಳುತ್ತದೆ. ಹೊರಗಿನ ಒತ್ತಡವೇ ಅರ್ಧವಾದರೆ ಬೂಸ್ಟರ್ ಕೊಡಬಹುದಾದ ಸಹಾಯವೂ ಅರ್ಧ. ಇದನ್ನು ತುಂಬಾ ಜನ ಡ್ರೈವರ್‌ಗಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಮೇಲೆ ಪೆಡಲ್ ಗಟ್ಟಿಯಾದ ಹಾಗೆ ಅನ್ನಿಸಿ ಬ್ರೇಕ್ ಕೆಟ್ಟಿದೆ ಅಂತ ಗಾಬರಿಯಾಗುತ್ತಾರೆ. ಕೆಟ್ಟಿರುವುದಿಲ್ಲ, ಕಾಲು ಇನ್ನೂ ಜೋರಾಗಿ ಒತ್ತಬೇಕು. ಆದರೆ ಬೂಸ್ಟರಿನಲ್ಲಿ ಅಥವಾ ವ್ಯಾಕ್ಯೂಮ್ ಪೈಪಿನಲ್ಲಿ ಸಣ್ಣ ಲೀಕ್ ಇದ್ದರೆ, ಇಲ್ಲಿ ಗೊತ್ತಾಗದ ಲೀಕ್ ಅಲ್ಲಿ ದೊಡ್ಡದಾಗಿ ಕಾಣುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಿ. ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ಒತ್ತಿ, ಗಟ್ಟಿಯಾಗುತ್ತದೆ. ಕಾಲು ಹಾಗೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಪೆಡಲ್ ಒಂಚೂರು ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರ್, ಪೈಪು, ವ್ಯಾಕ್ಯೂಮ್ ಪಂಪ್ ಮೂರನ್ನೂ ನೋಡಿಸಿ.

ಇದರ ಜೊತೆಗೇ ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಎಂಜಿನ್ ಆಫ್ ಮಾಡುವುದು ಬೇಡವೇ ಬೇಡ. ನಮ್ಮ ಘಾಟಿಗಳಲ್ಲೂ ಇದನ್ನು ಮಾಡುವವರಿದ್ದಾರೆ. ಎಂಜಿನ್ ನಿಂತರೆ ವ್ಯಾಕ್ಯೂಮ್ ಪಂಪ್ ನಿಲ್ಲುತ್ತದೆ, ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಬೂಸ್ಟರ್ ಖಾಲಿ. ಪವರ್ ಸ್ಟಿಯರಿಂಗ್ ಇದ್ದರೆ ಅದೂ ಇಲ್ಲ.

ಇಳಿಯುವಾಗ ಗೇರು ಯಾವುದಿರಬೇಕು? ಹತ್ತಿದ ಗೇರಿನಲ್ಲೇ ಇಳಿಯಿರಿ ಅನ್ನುವ ಹಳೇ ಮಾತು ಸರಿಯೇ, ಆದರೆ ಡೀಸೆಲ್ ಗಾಡಿಗೆ ಒಂದು ಗೇರು ಇನ್ನೂ ಕೆಳಗಿದ್ದರೂ ತಪ್ಪಿಲ್ಲ. ಪೆಟ್ರೋಲ್ ಎಂಜಿನ್‌ನಲ್ಲಿ ಥ್ರಾಟಲ್ ಮುಚ್ಚಿದಾಗ ಎಂಜಿನ್ ಗಾಡಿಯನ್ನು ಹಿಡಿಯುತ್ತದೆ. ಹಳೇ ಡೀಸೆಲ್‌ಗೆ ಆ ಥ್ರಾಟಲ್ ಇಲ್ಲ, ಹಾಗಾಗಿ ಅದೇ ಅಳತೆಯ ಎಂಜಿನ್ ಆದರೂ ಹಿಡಿತ ಕಡಿಮೆ. ಕೆಳಗಿನ ಗೇರು, ಜಾಸ್ತಿ ಆರ್‌ಪಿಎಂ ಇದ್ದಾಗ ಮಾತ್ರ ಅದು ಚೆನ್ನಾಗಿ ಹಿಡಿಯುತ್ತದೆ. ಹಾಗಂತ ಟ್ಯಾಕೊಮೀಟರ್ ಕೆಂಪು ಗೆರೆ ದಾಟಲು ಬಿಡಬೇಡಿ. ಹತ್ತುವಾಗ ಪಂಪಿನ ಗವರ್ನರ್ (ಡೀಸೆಲ್ ಕಡಿಮೆ ಮಾಡಿ ವೇಗದ ಮಿತಿ ಕಾಯುವ ಭಾಗ) ಎಂಜಿನ್ನನ್ನು ಕಾಯುತ್ತದೆ, ಇಳಿಯುವಾಗ ಗಾಲಿಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಗವರ್ನರ್ ಏನೂ ಮಾಡಲಾರದು. ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿ. ನಡುವೆ ಗೇರು ಇಳಿಸಲು ಹೋಗಿ ಅದು ಬೀಳದೆ ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡರೆ ಆ ನಾಲ್ಕು ಸೆಕೆಂಡು ಬಹಳ ಉದ್ದ.

ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ವೇಗ ಜಾಸ್ತಿಯಾದಾಗ ಗಟ್ಟಿಯಾಗಿ ಒತ್ತಿ, ಗಂಟೆಗೆ ಹತ್ತು ಕಿ.ಮೀ. ಕಡಿಮೆ ಮಾಡಿ, ಪೂರ್ತಿ ಬಿಡಿ. ಬಿಟ್ಟಾಗ ಗಾಳಿ ಆಡಿ ಶಾಖ ಹೋಗುತ್ತದೆ. ಸುಟ್ಟ ವಾಸನೆ ಬಂದರೆ, ಅಥವಾ ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತಿದೆ ಅನ್ನಿಸಿದರೆ, ಮುಂದಿನ ಅಗಲ ಜಾಗದಲ್ಲಿ ನಿಲ್ಲಿಸಿ. ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡಿ. ಹಿಂದಿನ ಡ್ರಮ್ ಕಾದಿರುವಾಗ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ, ಕಾದ ಡ್ರಮ್ ಹಿಗ್ಗಿರುವುದರಿಂದ ಅದರ ಹಿಡಿತ ಕಡಿಮೆಯಿರಬಹುದು. ಕಾದ ಡಿಸ್ಕಿನ ಮೇಲೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಅರ್ಧ ಗಂಟೆ ಸುಮ್ನೆ ಕೂತು ಚಹಾ ಮಾಡಿಕೊಳ್ಳಿ, ಗಾಡಿಯಲ್ಲಿ ಅಡುಗೆ ಕಟ್ಟೆ ಇದೆಯಲ್ಲ.

ಬ್ರೇಕ್ ಆಯಿಲ್ ಕೊನೆಯ ಸಲ ಯಾವಾಗ ಬದಲಾಯಿಸಿದ್ದೀರಿ? ನೆನಪಿಲ್ಲ ಅಂದರೆ ಈಗಲೇ ಬದಲಾಯಿಸಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ, ತೇವ ಹೀರಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಆಯಿಲ್ ಕುದಿದು ಪೈಪಿನಲ್ಲಿ ಆವಿ ತುಂಬಿತೋ, ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ನಾಲ್ಕೂ ಗಾಲಿಯಿಂದ ಹಳೇದನ್ನು ಪೂರ್ತಿ ತೆಗೆದು ಹೊಸ ಡಾಟ್ 4 ತುಂಬಿಸಿ, ಏರ್ ತೆಗೆಸಿ. ಆ ಕೆಲಸ ಮಾಡುವಾಗಲೇ ರಬ್ಬರ್ ಹೋಸ್‌ಗಳನ್ನೂ ಹಿಂದಿನ ವೀಲ್ ಸಿಲಿಂಡರ್‌ಗಳನ್ನೂ ನೋಡಿಸಿ. 2012ರ ಗಾಡಿಯಲ್ಲಿ ಮೂಲ ಹೋಸ್‌ಗಳೇ ಇದ್ದರೆ ನೋಡುವುದೂ ಬೇಡ, ಬದಲಾಯಿಸಿಬಿಡಿ.

ಇಷ್ಟೆಲ್ಲ ಮಾಡಿದರೂ ಗಾಡಿ ಭಾರ ಜಾಸ್ತಿ ಇದ್ದರೆ ಏನೂ ಪ್ರಯೋಜನ ಇಲ್ಲ. ಕ್ಯಾಂಪರ್ ಮಾಡಿಸಿಕೊಂಡವರ ದೊಡ್ಡ ತೊಂದರೆ ಇದೇ. ಸೀಟು ತೆಗೆದಿದ್ದೇವೆ, ಹಗುರಾಗಿದೆ ಅಂದುಕೊಳ್ಳುತ್ತಾರೆ. ಆಮೇಲೆ 18 ಎಂಎಂ ಪ್ಲೈವುಡ್, ಗ್ರಾನೈಟ್ ಕಟ್ಟೆ, ಇನ್ವರ್ಟರ್, ಬ್ಯಾಟರಿ, ಮೇಲೆ ಕ್ಯಾರಿಯರ್, ಅದರ ಮೇಲೆ ಸೋಲಾರ್ ಪ್ಯಾನಲ್, ಹಿಂದೆ ಜನರೇಟರ್. ನೀರೊಂದೇ ನೋಡಿ, 150 ಲೀಟರ್ ಟ್ಯಾಂಕ್ ಅಂದರೆ 150 ಕೆ.ಜಿ. ನಿಮ್ಮ ಗಾಡಿಯನ್ನು ಪ್ರವಾಸಕ್ಕೆ ಹೊರಟಂತೆ ತುಂಬಿಸಿ, ಮನೆಯವರನ್ನೆಲ್ಲ ಕೂರಿಸಿ, ಲಾರಿ ತೂಕ ಹಾಕುವ ಕಾಟಾಕ್ಕೆ ತೆಗೆದುಕೊಂಡು ಹೋಗಿ. ಮೊದಲು ಮುಂದಿನ ಗಾಲಿಗಳನ್ನು ಮಾತ್ರ ಹತ್ತಿಸಿ ತೂಕ ಬರೆದುಕೊಳ್ಳಿ, ಆಮೇಲೆ ಪೂರ್ತಿ ಗಾಡಿ, ಆಮೇಲೆ ಹಿಂದಿನ ಗಾಲಿಗಳು. ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕಕ್ಕಿಂತ ಕಡಿಮೆ ಬಂದರೆ ಸಾಲದು, ಅದಕ್ಕಿಂತ 300 ಕೆ.ಜಿ.ಯಾದರೂ ಕಡಿಮೆ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಲಡಾಖ್‌ನಲ್ಲಿ ಕುಡಿಯುವ ನೀರಿಗೆ 40 ಲೀಟರ್ ಸಾಕು, ದಾರಿಯಲ್ಲಿ ಸಿಗುತ್ತದೆ. ಜನರೇಟರ್ ಮನೆಯಲ್ಲೇ ಇರಲಿ. ಕ್ಯಾರಿಯರ್ ಮೇಲೆ ಹಗುರಾದ ಹಾಸಿಗೆ, ಬಟ್ಟೆ ಮಾತ್ರ. ತೂಕ ಮೇಲಿದ್ದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ, ಹಿಂದಿದ್ದಷ್ಟೂ ಸ್ಟಿಯರಿಂಗ್ ಹಗುರಾಗಿ ಮುಂದಿನ ಬ್ರೇಕಿನ ಹಿಡಿತ ಹೋಗುತ್ತದೆ.

ದಾರಿಯ ವಿಷಯದಲ್ಲಿ ನಿಮ್ಮ ಯೋಜನೆ ಪೂರ್ತಿ ತಿರುಗಿಸಿ ಅನ್ನುತ್ತೇನೆ. ಶ್ರೀನಗರದ ಕಡೆಯಿಂದ ಹೋಗಿ, ಮನಾಲಿ ಕಡೆಯಿಂದ ಇಳಿಯಿರಿ. ಮುಖ್ಯ ಕಾರಣ ನಿಮ್ಮ ಅಪ್ಪ. ಮನಾಲಿಯಿಂದ ಹೊರಟರೆ ಅಟಲ್ ಸುರಂಗದ ಆಚೆ ಕೇಲಾಂಗ್, ಜಿಸ್ಪಾ ಸುಮಾರು 3,100ರಿಂದ 3,200 ಮೀಟರ್. ಅದರ ಮುಂದಿನ ತಂಗುದಾಣವೇ ಸರ್ಚು, ಸುಮಾರು 4,290, ಇಲ್ಲವೇ ಪಾಂಗ್, ಸುಮಾರು 4,600. ಎತ್ತರಕ್ಕೆ ಒಗ್ಗದ ದೇಹ ಅಲ್ಲಿ ರಾತ್ರಿ ಕಳೆಯುವುದು ಒಳ್ಳೆಯದಲ್ಲ, ಹಳೇ ಗಾಡಿಯಲ್ಲಿ ಒಂದೇ ದಿನ ಜಿಸ್ಪಾದಿಂದ ಲೇಹ್ ಮುಟ್ಟುವುದೂ ಆಗುವುದಿಲ್ಲ. 2020ರ ಅಕ್ಟೋಬರ್‌ನಲ್ಲಿ 9 ಕಿ.ಮೀ.ಯ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಹತ್ತುವ ಕಷ್ಟ ತಪ್ಪಿದೆ ನಿಜ. ಆದರೆ ಜನ ಬೇಗ ಬೇಗ ಮೇಲೆ ಹೋಗಿಬಿಡುತ್ತಾರೆ, ದೇಹ ಹಿಂದೆ ಉಳಿಯುತ್ತದೆ. ಶ್ರೀನಗರದ ದಾರಿ ಹಾಗಲ್ಲ. ಸೋನಾಮಾರ್ಗ್‌ನಲ್ಲಿ ಒಂದು ರಾತ್ರಿ, ಜೋಜಿ ಲಾ ದಾಟಿ ಕಾರ್ಗಿಲ್‌ನಲ್ಲಿ ಒಂದು ರಾತ್ರಿ, ಎರಡೂ 2,700 ಮೀಟರ್ ಆಸುಪಾಸು. ಆಮೇಲೆ ನಮಿಕಾ ಲಾ, 4,108 ಮೀಟರಿನ ಫೋಟು ಲಾ ದಾಟಿ ಲೇಹ್, 3,500. ನಡುವೆ ಲಾಮಾಯುರುವಿನಲ್ಲಿ ಉಳಿದರೆ ಇನ್ನೂ ಒಳ್ಳೆಯದು. ಪಾಸ್‌ಗಳನ್ನು ದಾಟುತ್ತೀರಿ, ಆದರೆ ಎತ್ತರದಲ್ಲಿ ಮಲಗುವುದಿಲ್ಲ.

ಗಾಡಿಗೂ ಇದರಿಂದ ಲಾಭವಿದೆ. 3,528 ಮೀಟರಿನ ಜೋಜಿ ಲಾ ಅಷ್ಟು ಎತ್ತರವೇನಲ್ಲ, ಆದರೆ ಬಾಲ್ತಾಲ್ ಕಡೆಯ ಅದರ ರಸ್ತೆ ಕಡಿದು, ಕಿರಿದು, ಮಳೆ ಬಂದರೆ ಕೆಸರು. ದ್ರಾಸ್ ಕಡೆ ಮೆಲ್ಲಗೆ ಇಳಿಯುತ್ತದೆ. ಶ್ರೀನಗರದಿಂದ ಹೋದರೆ ಕಡಿದಾದ ಬದಿಯನ್ನು ನೀವು ಹತ್ತುತ್ತೀರಿ, ಸೌಮ್ಯವಾದ ಬದಿಯನ್ನು ಇಳಿಯುತ್ತೀರಿ. ಹಳೇ ಗಾಡಿಗೆ ಬೇಕಾಗಿರುವುದು ಇದೇ. ತಂಗ್ಲಾಂಗ್ ಲಾದಲ್ಲೂ ಹೀಗೇ, ಲೇಹ್‌ನಿಂದ ಮನಾಲಿ ಕಡೆ ಬರುವಾಗ ರುಮ್ಟ್ಸೆಯಿಂದ ಜಾಸ್ತಿ ಹತ್ತಿ, ಆಚೆ ಮೋರೆ ಬಯಲಿಗೆ ಕಡಿಮೆ ಇಳಿಯುತ್ತೀರಿ. ಮನಾಲಿ ದಾರಿಯಲ್ಲಿ ನಿಮ್ಮ ಬ್ರೇಕಿಗೆ ನಿಜವಾದ ಪರೀಕ್ಷೆ ಗಾಟಾ ಲೂಪ್ಸ್, 21 ಹೇರ್‌ಪಿನ್ ತಿರುವು, ಅದನ್ನು ಇಳಿಯಬೇಕು. ಎರಡನೇ ಗೇರು, ತಿರುವುಗಳಲ್ಲಿ ಒಂದನೇ ಗೇರು, ಹತ್ತುವ ಲಾರಿಗಳಿಗೆ ದಾರಿ, ನಡುವೆ ಒಂದು ನಿಲುಗಡೆ. ಅಡ್ಡದಾರಿಯ ಕಚ್ಚಾ ಇಳಿಜಾರುಗಳು ಅಲ್ಲಿ ಕಾಣುತ್ತವೆ, ಅತ್ತ ಹೋಗಲೇಬೇಡಿ.

ರೇಡಿಯೇಟರಿನಲ್ಲಿ ಬರೀ ನೀರು ಇದೆಯಾ? ನಮ್ಮ ಕಡೆ ಎಷ್ಟೋ ಹಳೇ ಗಾಡಿಗಳಲ್ಲಿ ಬರೀ ನೀರೇ ಇರುತ್ತದೆ. ಸೆಪ್ಟೆಂಬರ್ ರಾತ್ರಿ (ಮೇ ಯಾಕೆ ಬೇಡ ಅಂತ ಮುಂದೆ ಹೇಳುತ್ತೇನೆ) ಸರ್ಚುವಿನಲ್ಲಿ ಅದು ಹೆಪ್ಪುಗಟ್ಟಿದರೆ ಎಂಜಿನ್ ಬ್ಲಾಕೇ ಬಿರಿಯುತ್ತದೆ. ಪೂರ್ತಿ ತೆಗೆದು ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ತುಂಬಿಸಿ. ರೇಡಿಯೇಟರ್ ಕ್ಯಾಪ್ ಹೊಸದು ಹಾಕಿಸಿ, ಇದು ಸಣ್ಣ ಖರ್ಚು, ದೊಡ್ಡ ಕೆಲಸ. 5,300 ಮೀಟರ್‌ನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಕುದಿಯದೆ ಇರುವುದು ಆ ಕ್ಯಾಪ್ ಹಿಡಿದಿಡುವ ಒತ್ತಡದಿಂದ. ಕ್ಯಾಪಿನ ರಬ್ಬರ್ ಹೋಗಿದ್ದರೆ, ಇಲ್ಲಿ ಎಂದೂ ಬಿಸಿಯಾಗದ ಗಾಡಿ ಅಲ್ಲಿ ಕುದಿಯುತ್ತದೆ. ಟೆಂಪರೇಚರ್ ಮುಳ್ಳು ಏರಿದರೆ ಹೀಟರ್ ಫುಲ್ ಬಿಡಿ, ಗೇರು ಇಳಿಸಿ, ಕಾಲು ಹಗುರ ಮಾಡಿ. ಆಗಲೂ ಏರಿದರೆ ನಿಂತು ಎಂಜಿನ್ನನ್ನು ಐಡಲ್‌ನಲ್ಲಿ ಓಡಿಸಿ. ತಕ್ಷಣ ಆಫ್ ಮಾಡಬೇಡಿ, ಟರ್ಬೊಗೆ ಆಯಿಲ್ ನಿಂತುಹೋಗುತ್ತದೆ. ಬಿಸಿಯಿರುವಾಗ ಕ್ಯಾಪ್ ತೆಗೆಯಬೇಡಿ ಅನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ.

ಟೈರಿನ ಗಾಳಿ ಬಗ್ಗೆ ತಪ್ಪು ಸಲಹೆ ಸಿಗುತ್ತದೆ, "ಎತ್ತರಕ್ಕೆ ಹೋದರೆ ಟೈರ್ ಉಬ್ಬುತ್ತದೆ, ಗಾಳಿ ತೆಗೆಯಿರಿ" ಅಂತ. ಹೊರಗಿನ ಒತ್ತಡ ಕಡಿಮೆಯಾದ್ದರಿಂದ ಗೇಜಿನಲ್ಲಿ ಸುಮಾರು 7 ಪಿಎಸ್‌ಐ ಏರಬೇಕು ನಿಜ. ಆದರೆ ಚಳಿಯಿಂದ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ. ಕಂಪನಿ ಹೇಳಿದ ಗಾಳಿ ಇಟ್ಟುಕೊಂಡು ಬೆಳಿಗ್ಗೆ ತಣ್ಣಗಿರುವಾಗ ನೋಡುತ್ತಿರಿ, ಅಷ್ಟು ಸಾಕು.

ನಾಲೆಗಳು. ಬಾರಾಲಾಚಾ ಆಸುಪಾಸಿನಲ್ಲಿ ಹಿಮ ಕರಗಿದ ನೀರು ರಸ್ತೆ ಮೇಲೇ ಹರಿಯುತ್ತದೆ. ಬಿಸಿಲು ಏರಿದಂತೆ ನೀರೂ ಏರುತ್ತದೆ, ಮಧ್ಯಾಹ್ನದ ಮೇಲೆ ಅದೇ ನಾಲೆ ಬೇರೆಯೇ ಆಗಿರುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ಹೊರಡಿ. ನಿಮ್ಮ ಗಾಡಿಗೆ ಹಿಂದಿನ ಆಕ್ಸಲ್‌ನ ಆಚೆ ಬಾಡಿ ಉದ್ದವಿದೆ, ನಾಲೆ ಇಳಿದು ಏರುವಾಗ ಹಿಂಭಾಗ ಕಲ್ಲಿಗೆ ತಾಗುತ್ತದೆ. ಕ್ಯಾಂಪರಿನ ನೀರಿನ ಪೈಪು, ಕೊಳೆ ನೀರಿನ ಟ್ಯಾಂಕು ಅಲ್ಲೇ ಕೆಳಗೆ ಜೋತಾಡುತ್ತಿದ್ದರೆ ಮೇಲಕ್ಕೆ ಕಟ್ಟಿಸಿ. ಮುಂದೆ ಒಂದು ಲಾರಿ ದಾಟುವುದನ್ನು ನೋಡಿ, ಅದರ ಜಾಡಿನಲ್ಲೇ, ಒಂದನೇ ಗೇರಿನಲ್ಲಿ, ನಡುವೆ ನಿಲ್ಲದೆ ದಾಟಿ. ದಾಟಿದ ಮೇಲೆ ಎರಡು ಮೂರು ಸಲ ಬ್ರೇಕ್ ಒತ್ತಿ ಡ್ರಮ್ ಒಣಗಿಸಿಕೊಳ್ಳಿ.

ಡೀಸೆಲ್: ಕೇಲಾಂಗ್ ಹತ್ತಿರದ ತಾಂಡಿಯ ಬಂಕಿನ ಬಳಿ "ಮುಂದಿನ ಬಂಕ್ 365 ಕಿ.ಮೀ." ಅನ್ನುವ ಫಲಕ ಪ್ರಸಿದ್ಧ. ನೀವು ಲೇಹ್ ಕಡೆಯಿಂದ ಬರುವವರು, ಲೇಹ್ ಅಥವಾ ಅದರ ಹತ್ತಿರದ ಕಾರು ಅನ್ನುವ ಊರಿನಲ್ಲಿ ಟ್ಯಾಂಕ್ ತುಂಬಿಸಿ, ತಾಂಡಿವರೆಗೆ ಬಂಕ್ ಇಲ್ಲ ಅಂದುಕೊಂಡೇ ಹೊರಡಿ. ಮೇಲೆ ಮೈಲೇಜ್ ಬೀಳುತ್ತದೆ, 20 ಲೀಟರಿನ ಕ್ಯಾನ್ ಒಂದು ಇರಲಿ. ಬೆಳಗಿನ ಸ್ಟಾರ್ಟಿಂಗ್‌ಗೆ ಗ್ಲೋ ಪ್ಲಗ್ ನಾಲ್ಕೂ ಕೆಲಸ ಮಾಡುತ್ತಿವೆಯಾ, ಬ್ಯಾಟರಿ ಗಟ್ಟಿಯಿದೆಯಾ ಇಲ್ಲೇ ನೋಡಿಕೊಳ್ಳಿ. ಕ್ಯಾಂಪರಿನ ದೀಪ, ನೀರಿನ ಪಂಪಿಗೆ ಬೇರೆ ಬ್ಯಾಟರಿ ಇರಬೇಕು, ಗಾಡಿಯ ಬ್ಯಾಟರಿ ಮುಟ್ಟಬಾರದು.

ಅಡುಗೆ, ಮಲಗುವ ವಿಷಯ. ಲೇಹ್‌ನಲ್ಲೇ ನೀರು 88 ಡಿಗ್ರಿಗೆ ಕುದಿಯುತ್ತದೆ, ಪಾತ್ರೆಯಲ್ಲಿ ಅನ್ನ, ಬೇಳೆ ಸರಿಯಾಗಿ ಬೇಯುವುದಿಲ್ಲ, ಕುಕ್ಕರ್ ಬೇಕೇ ಬೇಕು. ಆದರೆ ನನಗೆ ಅದಕ್ಕಿಂತ ದೊಡ್ಡ ಚಿಂತೆ ರಾತ್ರಿ ಚಳಿಗೆ ನೀವು ಏನು ಮಾಡುತ್ತೀರಿ ಅನ್ನುವುದು. ಗ್ಯಾಸ್ ಒಲೆ ಹಚ್ಚಿಟ್ಟು ಮಲಗುವುದು, ಅಗ್ಗಿಷ್ಟಿಕೆ ಒಳಗಿಡುವುದು, ಎಂಜಿನ್ ಓಡಿಸಿಟ್ಟು ಹೀಟರ್ ಹಾಕಿಕೊಳ್ಳುವುದು, ಮೂರೂ ಪ್ರಾಣಕ್ಕೆ ಅಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಅದು ಕೊಡುವ ತಲೆನೋವು, ವಾಂತಿ ಎತ್ತರದ ಕಾಯಿಲೆಯ ಹಾಗೇ ಇರುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ದಪ್ಪ ರಜಾಯಿ, ಉಣ್ಣೆ ಟೋಪಿ, ಬಿಸಿನೀರಿನ ಚೀಲ ಸಾಕು, ಕಿಟಕಿ ಎರಡು ಬೆರಳಿನಷ್ಟು ತೆರೆದಿರಲಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಕೊಂಡು ದಿಂಬಿನ ಮಟ್ಟದಲ್ಲಿ ಹಾಕಿ. ಗಾಡಿ ಚಲಿಸುವಾಗ ಸಿಲಿಂಡರ್ ನಿಲ್ಲಿಸಿ ಕಟ್ಟಿರಬೇಕು, ವಾಲ್ವ್ ಮುಚ್ಚಿರಬೇಕು.

ಅಪ್ಪನನ್ನು ಹೊರಡುವ ಮೊದಲು ಡಾಕ್ಟರ್‌ಗೆ ತೋರಿಸಿ, ಬಿಪಿ, ಹೃದಯ, ಶ್ವಾಸಕೋಶ ನೋಡಿಸಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಅವರು ಹೇಳಿದರೆ ಮಾತ್ರ. ಲೇಹ್ ಮುಟ್ಟಿದ ಮೇಲೆ ಎರಡು ಪೂರ್ತಿ ದಿನ ಏನೂ ಮಾಡಬೇಡಿ. ತಲೆನೋವಿನ ಜೊತೆ ವಾಂತಿ ಇದ್ದರೆ ಇನ್ನೂ ಮೇಲೆ ಹೋಗಬಾರದು. ಸುಮ್ಮನೆ ಕೂತಿದ್ದರೂ ಏದುಸಿರು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಬೆಳಗಾಗಲಿ ಅಂತ ಕಾಯದೆ ಕೆಳಗೆ ಇಳಿಸಿ. ಲೇಹ್‌ನಲ್ಲಿ ಎಸ್‌ಎನ್‌ಎಂ ಆಸ್ಪತ್ರೆ ಇದೆ, ಎತ್ತರದ ಕಾಯಿಲೆ ಅವರಿಗೆ ದಿನದ ಕೆಲಸ. ಖರ್ದುಂಗ್ ಲಾ ಮೇಲೆ ಹದಿನೈದು ನಿಮಿಷ ಸಾಕು. ಆಚೆ ಇಳಿದು ನುಬ್ರಾದಲ್ಲಿ ಮಲಗಿದರೆ ಅದು ಲೇಹ್‌ಗಿಂತಲೂ ಕೆಳಗಿದೆ, ಅಪ್ಪನಿಗೆ ಸುಲಭ. ಗಾಡಿಗೂ ಸಂಜೆ ತಣ್ಣಗಾಗಲು ಹೊತ್ತು ಸಿಗುತ್ತದೆ.

ಮೇ ತಿಂಗಳು ಬೇಡ. ಆಗಷ್ಟೇ ರಸ್ತೆ ಬಿಡಿಸಿರುತ್ತಾರೆ, ಎರಡೂ ಕಡೆ ಹಿಮದ ಗೋಡೆ, ಬೆಳಿಗ್ಗೆ ರಸ್ತೆ ಮೇಲೆ ಮಂಜುಗಡ್ಡೆ, ಮಧ್ಯಾಹ್ನ ನೀರು, ಕೆಲವು ವರ್ಷ ಮನಾಲಿ ಕಡೆಯ ದಾರಿ ತೆರೆದೇ ಇರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಹಿಮಾಚಲದ ಮಳೆ, ಗುಡ್ಡ ಕುಸಿತ. ಹಳೇ ಗಾಡಿಗೆ ಸೆಪ್ಟೆಂಬರ್ ಮೊದಲ ಮೂರು ವಾರ ಚೆಂದ, ನಾಲೆಗಳು ತಗ್ಗಿರುತ್ತವೆ, ಆಕಾಶ ತಿಳಿಯಾಗಿರುತ್ತದೆ. ಮಗಳ ಶಾಲೆಗೆ ರಜೆ ಕೇಳಿ, ಐದನೇ ಕ್ಲಾಸಿನಲ್ಲಿ ಮೂರು ವಾರ ಹೋದರೆ ಏನೂ ಆಗುವುದಿಲ್ಲ.

ಧಾರವಾಡದಿಂದ ದೆಹಲಿ ಮೇಲೆ ಹೋಗಬೇಡಿ. ದೆಹಲಿ ಎನ್‌ಸಿಆರ್‌ನಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧ ಕೋರ್ಟಿನಲ್ಲಿ ಆಗಾಗ ಬದಲಾಗುತ್ತಿದೆ, ನಿಮಗೆ ಆ ತಲೆನೋವು ಯಾಕೆ? ಪುಣೆ, ಉದಯಪುರ, ಅಜ್ಮೇರ್, ಬಿಕಾನೇರ್, ಬಠಿಂಡಾ, ಪಠಾಣ್‌ಕೋಟ್ ಮೂಲಕ ಜಮ್ಮು ಸೇರಿ. ಸೀಟು ತೆಗೆಸಿ ಕ್ಯಾಂಪರ್ ಮಾಡಿಸಿದ್ದು ಆರ್‌ಸಿಯಲ್ಲಿ ನಮೂದಾಗಿದೆಯಾ ನೋಡಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು. ಅದಿಲ್ಲದಿದ್ದರೆ ಚೆಕ್‌ಪೋಸ್ಟಿನ ದಂಡಕ್ಕಿಂತ ದೊಡ್ಡ ತೊಂದರೆ ಇನ್ಶೂರೆನ್ಸ್ ಕಂಪನಿಯಿಂದ ಬರುತ್ತದೆ. ಜಮ್ಮು-ಕಾಶ್ಮೀರದಲ್ಲೂ ಲಡಾಖ್‌ನಲ್ಲೂ ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ನಡೆಯುವುದಿಲ್ಲ, ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ.

ಕಾಟಾದ ಮೂರು ಅಂಕಿ ಮತ್ತು ಟೈರಿನ ಪಕ್ಕದಲ್ಲಿ ಬರೆದಿರುವ ಅಳತೆ, ಲೋಡ್ ನಂಬರ್ ಬರೆದು ಕಳಿಸಿ. ಹಿಂದಿನ ಲೀಫ್ ಪ್ಲೇಟ್ ಒಂದು ಜಾಸ್ತಿ ಹಾಕಿಸಬೇಕಾ, ಸಾಮಾನು ಇಳಿಸಿದರೆ ಸಾಕಾ ಅಂತ ಅದನ್ನು ನೋಡಿ ಹೇಳುತ್ತೇನೆ.